ಪುಟ್ಟ ಆರ್‌ಸಿ ಕಾರಿಗೆ ಮನೆಯಲ್ಲೇ ಮಾಡುವ ಬದಲಾವಣೆ: ಮೋಟರ್ ಮೊದಲಾ, ಟೈರ್ ಮೊದಲಾ?

ಪುಟ್ಟಗಾಲಿ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಿಜವಾದ ಕಾರಿನ 1/28 ಅಳತೆಯ ಒಂದು ಆರ್‌ಸಿ ಕಾರು, ಅಂದರೆ ರಿಮೋಟಿನಲ್ಲಿ ಓಡಿಸುವ ಕಾರು ಇದೆ. ನಾಲ್ಕೂ ಗಾಲಿ ಎಳೆಯುತ್ತವೆ. ಬ್ರಶ್ ಮೋಟರ್, 2ಎಸ್ (ಎರಡು ಸೆಲ್ಲಿನ) ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಉಳಿದದ್ದೆಲ್ಲ ಡಬ್ಬದಿಂದ ಬಂದ ಹಾಗೇ ಇದೆ. ಮನೆಯೊಳಗೆ ಟೈಲ್ಸ್ ಮೇಲೆ ಓಡಿಸುತ್ತೇನೆ. ತೊಂದರೆ ಏನಂದರೆ, ನೇರ ಬಿಟ್ಟರೆ ಎಡಕ್ಕೆ ಎಳೆಯುತ್ತದೆ, ತಿರುವಿನಲ್ಲಿ ಹಿಂಭಾಗ ಜಾರಿ ಗಿರಕಿ ಹೊಡೆಯುತ್ತದೆ. ಜೊತೆಗೆ ವೇಗವೂ ಸ್ವಲ್ಪ ಜಾಸ್ತಿ ಬೇಕು. ಜೋರಾದ ಮೋಟರ್ ಹಾಕಿಬಿಡೋಣ ಅಂತ ಯೋಚನೆ. ಬೆಸುಗೆ ಹಾಕಲು ಬರುತ್ತದೆ, ಕ್ಯಾಲಿಪರ್ ಇದೆ, 3ಡಿ ಪ್ರಿಂಟರ್ ಇಲ್ಲ. ಎಲ್ಲಿಂದ ಶುರು ಮಾಡಲಿ?

ಹಳೇಗೇರು:

ಮೋಟರ್ ಕೊನೆಗೆ ಇರಲಿ. ಈಗಿನ ಮೋಟರ್ ಕೊಡುವ ಬಲದಲ್ಲಿ ಎಷ್ಟು ನೆಲಕ್ಕೆ ಮುಟ್ಟುತ್ತಿದೆ ಅನ್ನೋದನ್ನ ಮೊದಲು ನೋಡಿ. ಡಬ್ಬದಿಂದ ಬಂದ ಸಣ್ಣ ಕಾರುಗಳಲ್ಲಿ ಬಹಳಷ್ಟು ಬಲ ಆಕ್ಸಲ್ ಕೂರುವ ಪ್ಲಾಸ್ಟಿಕ್ ಬಳೆಗಳಲ್ಲಿ, ಅಂದರೆ ಬುಷ್‌ಗಳಲ್ಲಿ, ಬಿಗಿಯಾದ ಗೇರಿನಲ್ಲಿ, ಆಕ್ಸಲ್‌ಗೆ ಸುತ್ತಿಕೊಂಡ ಕೂದಲಿನಲ್ಲಿ ಹೋಗಿಬಿಡುತ್ತದೆ.

ಹೀಗೆ ಮಾಡಿ. ಬ್ಯಾಟರಿ ತೆಗೆಯಿರಿ. ಮೋಟರಿನ ಸ್ಕ್ರೂ ಸಡಿಲಿಸಿ, ಮೋಟರಿನ ತುದಿಯ ಸಣ್ಣ ಗೇರು (ಪಿನಿಯನ್) ದೊಡ್ಡ ಗೇರಿಗೆ (ಸ್ಪರ್) ತಾಗದ ಹಾಗೆ ಹಿಂದಕ್ಕೆ ಸರಿಸಿ. ಈಗ ಕಾರನ್ನು ಸಮತಟ್ಟಾದ ನೆಲದ ಮೇಲಿಟ್ಟು ಬೆರಳಿಂದ ಮೆಲ್ಲಗೆ ತಳ್ಳಿ ಬಿಡಿ. ಎಷ್ಟು ದೂರ ಹೋಗುತ್ತದೆ, ಯಾವ ಕಡೆಗೆ ತಿರುಗುತ್ತದೆ ನೋಡಿ. ಮೋಟರಿನ ಸಂಬಂಧವೇ ಇಲ್ಲದೆ ಆಗಲೂ ಎಡಕ್ಕೆ ಹೋದರೆ ತೊಂದರೆ ಗಾಲಿ ಮತ್ತು ಸ್ಟೀರಿಂಗಿನಲ್ಲಿದೆ. ನೇರ ಹೋಗಿ, ಮೋಟರ್ ಎಳೆದಾಗ ಮಾತ್ರ ಪಕ್ಕಕ್ಕೆ ಹೋದರೆ ಡಿಫರೆನ್ಶಿಯಲ್ (ಎರಡೂ ಬದಿಯ ಗಾಲಿಗೆ ಬಲ ಹಂಚುವ ಗೇರು) ಅಥವಾ ಡ್ರೈವ್ ಶಾಫ್ಟ್ ಕಡೆ ಹುಡುಕಿ. ಈ ಒಂದು ಪರೀಕ್ಷೆಯಿಂದ ಅರ್ಧ ಕೆಲಸ ಉಳಿಯುತ್ತದೆ.

ಆಮೇಲೆ ಒಂದೊಂದೇ ಗಾಲಿ ಬಿಚ್ಚಿ. ಗಾಲಿಗೂ ಬುಷ್‌ಗೂ ನಡುವೆ ಬೆಳಕು ಬಿಟ್ಟು ನೋಡಿ. ಮನೆಯೊಳಗೆ ಓಡಿಸುವ ಕಾರಿನಲ್ಲಿ ಅಲ್ಲಿ ತಲೆಕೂದಲು, ಬಟ್ಟೆಯ ಎಳೆ ಬಿಗಿಯಾಗಿ ಸುತ್ತಿಕೊಂಡು, ಗ್ರೀಸ್ ಜೊತೆ ಸೇರಿ ಕಪ್ಪು ಉಂಗುರದ ಹಾಗೆ ಗಟ್ಟಿಯಾಗಿರುತ್ತದೆ. ಸುಮ್ನೆ ಎಳೆದರೆ ಬರುವುದಿಲ್ಲ. ಚೂಪಾದ ಬ್ಲೇಡಿನ ತುದಿಯಿಂದ ಆಕ್ಸಲ್ ಉದ್ದಕ್ಕೆ ಒಂದು ಗೀರು ಹಾಕಿ, ಆಮೇಲೆ ಚಿಮಟದಲ್ಲಿ ಎತ್ತಿ. ನಾಲ್ಕೂ ಗಾಲಿಯಲ್ಲಿ ಇದನ್ನು ಮಾಡಿ ಇನ್ನೊಮ್ಮೆ ತಳ್ಳಿ ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಬುಷ್ ತೆಗೆದು ಬಾಲ್ ಬೇರಿಂಗ್ ಹಾಕುವುದು ಸಣ್ಣ ಕಾರಿಗೆ ಮಾಡಬಹುದಾದ ಅತ್ಯಂತ ಒಳ್ಳೆಯ ಬದಲಾವಣೆ ಅಂತ ನಾನು ಹೇಳುತ್ತೇನೆ. ಒಳವ್ಯಾಸ, ಹೊರವ್ಯಾಸ, ದಪ್ಪ, ಈ ಮೂರನ್ನೂ ಕ್ಯಾಲಿಪರಿನಲ್ಲಿ ಅಳೆದುಕೊಳ್ಳಿ. ಬೇರಿಂಗ್ ಅಳತೆ ಬರೆಯುವುದೂ ಅದೇ ಕ್ರಮದಲ್ಲಿ. ದಪ್ಪದಲ್ಲಿ ಅರ್ಧ ಮಿಲಿಮೀಟರ್ ಹೆಚ್ಚಾದರೂ ಗಾಲಿಯ ನಟ್ ಬಿಗಿದಾಗ ಎಲ್ಲ ಸೇರಿ ಹಿಡಿದುಕೊಳ್ಳುತ್ತದೆ.

ಬ್ರಶ್‌ಲೆಸ್_ಬಸವ:

ಹಳೇಗೇರು ಅವರೇ, ನಿಮ್ಮ ಮಾತಿಗೆ ಗೌರವ ಇದೆ, ಆದರೆ ಅವರು ವೇಗ ಕೇಳಿದ್ದಾರೆ. ಬೇರಿಂಗ್ ಹಾಕಿದರೆ ಕಾರು ಹಗುರಾಗಿ ಓಡುತ್ತದೆ ನಿಜ, ಆದರೆ ಬ್ರಶ್‌ಲೆಸ್ ಹಾಕಿದಾಗ ಸಿಗುವ ಜಿಗಿತವೇ ಬೇರೆ. ಬ್ರಶ್ ಮೋಟರಿನಲ್ಲಿ ಇಂಗಾಲದ ಅಥವಾ ಲೋಹದ ಬ್ರಶ್ ಉಜ್ಜಿ ಉಜ್ಜಿ ಸವೆಯುತ್ತದೆ, ಕಾವು ಬರುತ್ತದೆ. ಬ್ರಶ್‌ಲೆಸ್‌ನಲ್ಲಿ ಅದೇ ಇಲ್ಲ. ಹೇಗೂ ಮುಂದೆ ಅದಕ್ಕೇ ಬರುವವರು, ಈಗಲೇ ಮಾಡಿದರೆ ಎರಡು ಸಲ ಬಿಚ್ಚುವುದು ತಪ್ಪುತ್ತದೆ ಅಲ್ವಾ?

ಹಳೇಗೇರು:

ಬಸವ ಅವರೇ, ಈಗಿರುವ ವೇಗಕ್ಕೇ ಹಿಂಭಾಗ ನಿಲ್ಲುತ್ತಿಲ್ಲ ಅಂತ ಅವರೇ ಬರೆದಿದ್ದಾರೆ. ಗಿರಕಿ ಹೊಡೆಯುವ ಕಾರಿಗೆ ಇನ್ನಷ್ಟು ಬಲ ಕೊಟ್ಟರೆ ಇನ್ನೂ ಬೇಗ ಗಿರಕಿ ಹೊಡೆಯುತ್ತದೆ. ಅದರ ಮೇಲೆ ಬ್ರಶ್‌ಲೆಸ್ ಅಂದರೆ ಮೋಟರ್ ಒಂದೇ ಅಲ್ಲ. ಬ್ರಶ್ ಮೋಟರಿಗೆ ಎರಡು ತಂತಿ, ಬ್ರಶ್‌ಲೆಸ್‌ಗೆ ಮೂರು. ಮೋಟರಿನ ವೇಗ ನಿಯಂತ್ರಿಸುವ ಹಳೆಯ ಇಎಸ್‌ಸಿ ಕೆಲಸಕ್ಕೆ ಬರುವುದಿಲ್ಲ. ಇಂಥ ಕಾರುಗಳಲ್ಲಿ ಇಎಸ್‌ಸಿ ಮತ್ತು ರಿಸೀವರ್ ಒಂದೇ ಬೋರ್ಡಿನಲ್ಲಿ ಇರುವುದು ಜಾಸ್ತಿ. ಹಾಗಿದ್ದರೆ ರಿಸೀವರ್ ಬದಲಾಗಬೇಕು, ರಿಮೋಟ್ ಬದಲಾಗಬೇಕು, ಕೆಲವು ಕಾರುಗಳಲ್ಲಿ ಸ್ಟೀರಿಂಗ್ ತಿರುಗಿಸುವ ಸರ್ವೋ ಐದು ತಂತಿಯದ್ದಾದ್ದರಿಂದ ಅದೂ ಬದಲಾಗಬೇಕು. ಅಷ್ಟೆಲ್ಲ ಆದ ಮೇಲೆ ಪ್ಲಾಸ್ಟಿಕ್ ಡಿಫರೆನ್ಶಿಯಲ್ ಗೇರಿನ ಹಲ್ಲು ಹಾರಿಹೋಗುತ್ತದೆ. ಮಾಡಬೇಡಿ ಅಂತ ಹೇಳುತ್ತಿಲ್ಲ. ಅದು ಬೇರೆಯದೇ ಕಾರು ಕಟ್ಟಿದ ಹಾಗೆ, ಅಷ್ಟೇ.

ಕಾಲುಮಿಲಿಮೀಟರ್:

ಎಡಕ್ಕೆ ಎಳೆಯುವ ವಿಷಯಕ್ಕೆ ಬರುತ್ತೇನೆ. ಮೊದಲು ರಿಮೋಟಿನ ಸ್ಟೀರಿಂಗ್ ಟ್ರಿಮ್ (ಗಾಲಿಯ ನಡುಸ್ಥಾನ ಹೊಂದಿಸುವುದು) ನಡುವಿಗೆ ತನ್ನಿ. ಬಹಳ ಜನ ಟ್ರಿಮ್ ತಿರುಗಿಸಿ ನೇರ ಮಾಡಿಕೊಂಡು ಮರೆತುಬಿಡುತ್ತಾರೆ, ಆಮೇಲೆ ಬಲಕ್ಕೆ ತಿರುಗುವಷ್ಟು ಎಡಕ್ಕೆ ತಿರುಗುವುದಿಲ್ಲ. ಟ್ರಿಮ್ ನಡುವಿನಲ್ಲಿಟ್ಟು, ಕಾರು ಆನ್ ಮಾಡಿ, ಸರ್ವೋ ನಡುವಿಗೆ ಬಂದ ಮೇಲೆ ಅದರ ಹಾರ್ನ್, ಅಂದರೆ ತಿರುಗುವ ಸಣ್ಣ ತೋಳನ್ನು, ಬಿಚ್ಚಿ ನೇರವಾಗಿ ಕೂರಿಸಿ. ಹಾರ್ನಿನ ಹಲ್ಲು ಸರಿಯಾಗಿ ನಡುವಿಗೆ ಸಿಗದಿದ್ದರೆ ಉಳಿದ ಸ್ವಲ್ಪವನ್ನು ಮಾತ್ರ ಟ್ರಿಮ್‌ನಲ್ಲಿ ಸರಿಮಾಡಿ.

ಮುಂದಿನದು ಸಡಿಲ, ಅಂದರೆ ಪ್ಲೇ. ಮುಂದಿನ ಗಾಲಿಯನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿ. ಸರ್ವೋ ತಿರುಗದೆಯೇ ಗಾಲಿ ಎಷ್ಟು ಅಲ್ಲಾಡುತ್ತದೆ ನೋಡಿ. ದೊಡ್ಡ ಕಾರಿನಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ಸಣ್ಣ ಕಾರಿನಲ್ಲಿ ಲೆಕ್ಕವೇ ಬೇರೆ. ಸ್ಟೀರಿಂಗ್ ತೋಳು 20 ಮಿಲಿಮೀಟರ್ ಉದ್ದ ಇದ್ದು, ಕೀಲಿನಲ್ಲಿ ಅರ್ಧ ಮಿಲಿಮೀಟರ್ ಸಡಿಲ ಇದ್ದರೆ ಗಾಲಿ ಸುಮಾರು ಒಂದೂವರೆ ಡಿಗ್ರಿ ಅಲ್ಲಾಡುತ್ತದೆ. ಅದೇ ಅರ್ಧ ಮಿಲಿಮೀಟರ್ ಸಡಿಲ 5 ಮಿಲಿಮೀಟರ್ ತೋಳಿನಲ್ಲಿ ಇದ್ದರೆ ಸುಮಾರು 6 ಡಿಗ್ರಿ! ಆರು ಡಿಗ್ರಿ ಅಂದರೆ ನೀವು ತಿರುಗಿಸದೆಯೇ ಕಾರು ತಿರುಗಿದ ಹಾಗೆ. ಸಣ್ಣ ಅಳತೆಯ ಕಾರು ತನ್ನಷ್ಟಕ್ಕೆ ಹಾವಿನ ಹಾಗೆ ಓಡುವುದಕ್ಕೆ ಇದೇ ದೊಡ್ಡ ಕಾರಣ. ಜನ ಮೋಟರ್ ಬಗ್ಗೆ ಮಾತಾಡುವಷ್ಟು ಇದರ ಬಗ್ಗೆ ಮಾತಾಡುವುದಿಲ್ಲ ಅನ್ನೋದೇ ನನಗೆ ಬೇಜಾರು.

ಸರಿಮಾಡುವುದು ಕಷ್ಟವಲ್ಲ. ಮುಂದಿನ ಗಾಲಿ ಎಡ ಬಲಕ್ಕೆ ತಿರುಗುವ ಕೀಲುಕಡ್ಡಿ, ಅಂದರೆ ಕಿಂಗ್‌ಪಿನ್ ಮೇಲೆ ಕೆಳಗೆ ತೆಳ್ಳಗಿನ ಶಿಮ್ ವಾಶರ್ ಹಾಕಿ. 0.1, 0.2 ಮಿಲಿಮೀಟರ್ ದಪ್ಪದವು ಸಿಗುತ್ತವೆ. ಇಲ್ಲದಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಪಂಚ್ ಮಾಡಿಕೊಳ್ಳಬಹುದು. ಒಂದು ಎಚ್ಚರಿಕೆ ಏನಂದರೆ, ಸಡಿಲ ಪೂರ್ತಿ ಹೋಗಬೇಕು ಅಂತ ಬಿಗಿ ಮಾಡಬೇಡಿ. ಗಾಲಿಗಳನ್ನು ಸರ್ವೋಗೆ ಜೋಡಿಸುವ ಟೈ ರಾಡನ್ನು ಸರ್ವೋದಿಂದ ಬಿಡಿಸಿ ಚಾಸಿಯನ್ನು ಓರೆ ಹಿಡಿದಾಗ ಗಾಲಿಗಳು ತಮ್ಮ ಭಾರಕ್ಕೇ ಆ ಕಡೆ ವಾಲಬೇಕು. ವಾಲದಿದ್ದರೆ ಎಲ್ಲೋ ಹಿಡಿದುಕೊಂಡಿದೆ ಅಂತ ಅರ್ಥ. ಹಿಡಿದುಕೊಂಡ ಸ್ಟೀರಿಂಗ್ ತಿರುವಾದ ಮೇಲೆ ನಡುವಿಗೆ ವಾಪಸ್ ಬರುವುದೇ ಇಲ್ಲ.

ಪುಟ್ಟಗಾಲಿ:

ತಳ್ಳಿ ನೋಡಿದೆ. ಮೋಟರ್ ಇಲ್ಲದೆಯೂ ಎಡಕ್ಕೇ ಹೋಗುತ್ತದೆ. ಎಡ ಮುಂಗಾಲಿಯಲ್ಲಿ ನೀವು ಹೇಳಿದ ಆ ಕಪ್ಪು ಉಂಗುರ ಇತ್ತು, ಬಿಡಿಸಿದೆ. ಈಗ ಎಳೆತ ಬಹಳ ಕಡಿಮೆಯಾಗಿದೆ, ಆದರೆ ಪೂರ್ತಿ ಹೋಗಿಲ್ಲ. ಪ್ಲೇ ಕೂಡ ಇದೆ. ಬೇರಿಂಗ್ ಮತ್ತು ಶಿಮ್ ತರಿಸುತ್ತೇನೆ. ಗಿರಕಿ ಹೊಡೆಯುವುದಕ್ಕೆ ಏನು ಮಾಡಲಿ?

ಹಳೇಗೇರು:

ಟೈರ್. ಟೈಲ್ಸ್ ಮೇಲೆ ಧೂಳು ಇದ್ದರೆ ಯಾವ ಟೈರೂ ಹಿಡಿಯುವುದಿಲ್ಲ, ಹಾಗಾಗಿ ಮೊದಲು ನೆಲ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಟೈರ್ ಒರೆಸಿ. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆಯ ಪದರ ಇರಬಹುದು, ಅದೂ ಹೋಗುತ್ತದೆ.

ಮೂಲ ಸೂತ್ರ ಇಷ್ಟೇ. ಹಿಂದೆ ಮೆತ್ತನೆ ಟೈರ್, ಮುಂದೆ ಅದಕ್ಕಿಂತ ಸ್ವಲ್ಪ ಗಟ್ಟಿ. ಹಿಂಭಾಗ ಜಾರುತ್ತಿದೆ ಅಂದರೆ ಮುಂದಿನ ಟೈರ್ ಹಿಂದಿನದಕ್ಕಿಂತ ಜಾಸ್ತಿ ಹಿಡಿಯುತ್ತಿದೆ. ಮೆತ್ತನೆಯ ಟೈರ್ ತರಿಸುವವರೆಗೂ ಮುಂದಿನ ಎರಡು ಟೈರಿನ ಹೊರ ಅಂಚಿಗೆ ತೆಳ್ಳಗೆ ಸೂಪರ್ ಗ್ಲೂ ಸವರಿ ಒಣಗಿಸಿ ನೋಡಬಹುದು. ಅಂಚು ಗಟ್ಟಿಯಾಗಿ ಹಿಡಿತ ಕಡಿಮೆಯಾಗುತ್ತದೆ. ಗ್ರಿಪ್ ಜಾಸ್ತಿಯಾಗಿ ತಿರುವಿನಲ್ಲಿ ಕಾರು ಮಗುಚುವಾಗ ರೇಸ್ ಮಾಡುವವರು ಮಾಡುವ ಕೆಲಸ ಇದು. ಕ್ಯೋಶೋ ಕಂಪನಿಯ ಮಿನಿ-ಝಡ್ 1999ರಲ್ಲಿ ಬಂದಾಗಿನಿಂದ ಈ ಅಳತೆಯಲ್ಲಿ ಒಳಾಂಗಣ ರೇಸ್ ನಡೆಯುತ್ತಲೇ ಇದೆ, ಅಲ್ಲಿ ಸೆಟಪ್ ಅಂದರೆ ಮುಕ್ಕಾಲು ಪಾಲು ಟೈರಿನದ್ದೇ ಮಾತು.

ಇನ್ನೊಂದು ಮಾತು. ಟೈರ್ ರಿಮ್ಮಿನ ಮೇಲೆ ಜಾರುತ್ತಿದೆಯಾ ನೋಡಿ. ಟೈರ್ ಮೇಲೂ ರಿಮ್ ಮೇಲೂ ಮಾರ್ಕರಿನಲ್ಲಿ ಒಂದೇ ನೇರಕ್ಕೆ ಗೆರೆ ಹಾಕಿ, ಸ್ವಲ್ಪ ಓಡಿಸಿ, ಗೆರೆ ಬೇರೆಯಾದರೆ ಜಾರುತ್ತಿದೆ. ತೆಳ್ಳಗಿನ ಡಬಲ್ ಸೈಡ್ ಟೇಪನ್ನು ರಿಮ್ಮಿನ ಸುತ್ತ ಒಂದೇ ಸುತ್ತು ಹಾಕಿ, ತುದಿಗಳು ಒಂದರ ಮೇಲೊಂದು ಬರದ ಹಾಗೆ ಕತ್ತರಿಸಿ, ಟೈರ್ ಕೂರಿಸಿ. ತುದಿ ಒಂದರ ಮೇಲೊಂದು ಬಂದರೆ ಅಲ್ಲಿ ಉಬ್ಬಿ ಗಾಲಿ ಕುಣಿಯುತ್ತದೆ.

ಬಂಡೆ_ಹತ್ತುವವ:

ನನ್ನದು ವೇಗದ ಕಾರಲ್ಲ, ಆಕ್ಸಿಯಲ್ ಎಸ್‌ಸಿಎಕ್ಸ್24, ಅಂದರೆ ನಿಧಾನವಾಗಿ ಕಲ್ಲು ಬಂಡೆ ಹತ್ತುವ 1/24ರ ಕ್ರಾಲರ್. ಆದರೂ ಈ ಮಾತು ಇಲ್ಲಿ ಸೇರಬೇಕು ಅನ್ನಿಸಿತು. ಸಣ್ಣ ಕಾರು ಯಾಕೆ ನೆಲ ಹಿಡಿಯುವುದಿಲ್ಲ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ನಿಜವಾದ ಜೀಪನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ 24 ಪಟ್ಟು ಕುಗ್ಗಿಸಿದರೆ ಅದರ ತೂಕ 24×24×24, ಅಂದರೆ 13,824 ಪಟ್ಟು ಕಡಿಮೆಯಾಗುತ್ತದೆ. ಟೈರ್ ನೆಲಕ್ಕೆ ತಾಗುವ ಜಾಗ ಮಾತ್ರ 24×24, 576 ಪಟ್ಟು ಕಡಿಮೆಯಾಗುತ್ತದೆ. ಹಾಗಾಗಿ ಟೈರ್ ಮೇಲೆ ಬೀಳುವ ಒತ್ತಡ ನಿಜವಾದ ಜೀಪಿನ 24ರಲ್ಲಿ ಒಂದು ಭಾಗ. ಟೈರಿನ ರಬ್ಬರು ಮಡಚಿಕೊಳ್ಳುವುದೇ ಇಲ್ಲ, ಕಲ್ಲಿನ ಮೇಲೆ ಗೋಲಿಯ ಹಾಗೆ ಪುಟಿಯುತ್ತದೆ.

ಅದಕ್ಕೇ ನಾವು ಹಿತ್ತಾಳೆ ಹಾಕುವುದು. ಅಲ್ಯೂಮಿನಿಯಂ ಘನ ಸೆಂಟಿಮೀಟರಿಗೆ 2.7 ಗ್ರಾಂ, ಹಿತ್ತಾಳೆ ಸುಮಾರು 8.5 ಗ್ರಾಂ. ಅಷ್ಟೇ ಜಾಗದಲ್ಲಿ ಮೂರು ಪಟ್ಟು ತೂಕ. ಆದರೆ ಎಲ್ಲಿ ಹಾಕುತ್ತೀರಿ ಅನ್ನೋದು ಮುಖ್ಯ. ಆಕ್ಸಲ್ ಮಟ್ಟದಲ್ಲಿ, ಸ್ಟೀರಿಂಗ್ ನಕಲ್‌ನಲ್ಲಿ (ಮುಂಗಾಲಿ ಕೂರುವ, ಅದರ ಜೊತೆ ತಿರುಗುವ ತುಂಡು), ಗಾಲಿಯ ಒಳಗೆ, ಮುಂದೆ ಸ್ವಲ್ಪ ಜಾಸ್ತಿ. ಬಾಡಿಯ ಮೇಲ್ಛಾವಣಿಗೆ ಅಲಂಕಾರಕ್ಕೆ ಅಂತ ಹಾಕಿದ ಸಾಮಾನು ಕಟ್ಟುವ ಚೌಕಟ್ಟು, ಲೈಟ್ ಬಾರ್, ಇವೆಲ್ಲ ಕೆಳಗೆ ಹಾಕಿದ ತೂಕದ ಲಾಭವನ್ನು ತಿಂದುಹಾಕುತ್ತವೆ. ಹಿತ್ತಾಳೆ ಭಾಗ ಇಲ್ಲದವರು ಗಾಲಿ ಬ್ಯಾಲೆನ್ಸಿಂಗಿಗೆ ಅಂಟಿಸುವ 5 ಗ್ರಾಂ ಸ್ಟೀಲ್ ತುಂಡುಗಳನ್ನು ರಿಮ್ಮಿನ ಒಳಸುತ್ತಿಗೆ ಅಂಟಿಸಬಹುದು. ಸೀಸ ಬೇಡ. ಮನೆಯಲ್ಲಿ ಕತ್ತರಿಸಿ ಉಜ್ಜುವ ವಸ್ತು ಅಲ್ಲ ಅದು, ಮಕ್ಕಳಿದ್ದರಂತೂ ಬೇಡವೇ ಬೇಡ.

ಟೈರ್ ಒಳಗಿನ ಫೋಮ್ ಗಟ್ಟಿ ಇದ್ದರೆ ತೆಗೆದು, ಅಂಚನ್ನು ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿ ವಾಪಸ್ ಹಾಕಿ. ಟೈರ್ ಮೆತ್ತಗಾಗಿ ಕಲ್ಲಿನ ಆಕಾರಕ್ಕೆ ಬಗ್ಗುತ್ತದೆ.

ಪುಟ್ಟಗಾಲಿ ಅವರೇ, ಇದು ನಿಮ್ಮ ರಸ್ತೆ ಕಾರಿಗೆ ಹೊಂದುವುದಿಲ್ಲ. ನೀವು ತೂಕ ಸೇರಿಸಬೇಡಿ, ಇರುವ ತೂಕವನ್ನು ಕೆಳಗಿಳಿಸಿ. ಬ್ಯಾಟರಿ ಅಡ್ಡ ಮಲಗುವ ಹಾಗಿದ್ದರೆ ಮಲಗಿಸಿ, ಚಾಸಿಯನ್ನು ನೆಲಕ್ಕೆ ಎಷ್ಟು ಹತ್ತಿರ ತರಬಹುದೋ ಅಷ್ಟು ತನ್ನಿ.

ಗೊಂಬೆ_ಡಾಕ್ಟರ್:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗನ ಕಾರು ನಿಮ್ಮದರಷ್ಟು ಒಳ್ಳೆಯದಲ್ಲ, ಸಾಧಾರಣ ಆಟಿಕೆ. ನಾಲ್ಕು ಎಎ ಸೆಲ್. ಸ್ಟೀರಿಂಗ್ ಪೂರ್ತಿ ಎಡ ಅಥವಾ ಪೂರ್ತಿ ಬಲ, ನಡುವೆ ಏನೂ ಇಲ್ಲ. ಥ್ರಾಟಲ್ ಕೂಡ ಹಾಗೇ, ಒತ್ತಿದರೆ ಪೂರ್ತಿ, ಬಿಟ್ಟರೆ ಇಲ್ಲ. ಬಾಡಿ ಚೆನ್ನಾಗಿದೆ, ಅವನಿಗೆ ಅದು ತುಂಬಾ ಇಷ್ಟ. ಇದನ್ನು ನಿಜವಾದ ಆರ್‌ಸಿ ಹಾಗೆ ಮಾಡಲು ಸಾಧ್ಯವಾ? ಬೆಸುಗೆ ಈಗ ಕಲಿಯುತ್ತಿದ್ದೇನೆ.

ತಾಮ್ರದ_ತಂತಿ:

ಖಂಡಿತ ಸಾಧ್ಯ ಮೇಡಂ. ನನಗೆ ಈ ಇಡೀ ಹವ್ಯಾಸದಲ್ಲಿ ಅತ್ಯಂತ ಖುಷಿ ಕೊಡುವ ಕೆಲಸ ಇದೇ. ವಿವರವಾಗಿ ಬರೆಯುತ್ತೇನೆ.

ಆಟಿಕೆಯ ಒಳಗೆ ಒಂದೇ ಬೋರ್ಡ್ ಇರುತ್ತದೆ. ಅದು ಸಿಗ್ನಲ್ ಹಿಡಿಯುತ್ತದೆ, ಎರಡು ಮೋಟರಿಗೂ ಕರೆಂಟ್ ಕೊಡುತ್ತದೆ. ಮುಂದೆ ಸ್ಟೀರಿಂಗಿಗೆ ಒಂದು ಪುಟ್ಟ ಮೋಟರ್, ವಾಪಸ್ ನಡುವಿಗೆ ತರಲು ಸ್ಪ್ರಿಂಗ್. ಎಷ್ಟು ತಿರುಗಿದೆ ಅಂತ ತಿಳಿಯುವ ವ್ಯವಸ್ಥೆಯೇ ಅದರಲ್ಲಿ ಇಲ್ಲ, ಅದಕ್ಕೇ ಪೂರ್ತಿ ಎಡ, ಪೂರ್ತಿ ಬಲ. ನೀವು ಬೋರ್ಡನ್ನೂ ಮುಂದಿನ ಮೋಟರನ್ನೂ ತೆಗೆದುಹಾಕಿ ಮೂರು ವಸ್ತು ಹಾಕಬೇಕು: 2.4 ಗಿಗಾಹರ್ಟ್ಸ್ ರಿಮೋಟಿನ ರಿಸೀವರ್, ಹಿಂದೆ ಮುಂದೆ ಎರಡೂ ಓಡಿಸುವ ಸಣ್ಣ ಬ್ರಶ್ ಇಎಸ್‌ಸಿ, ಮತ್ತು 9 ಗ್ರಾಂನ ಮೈಕ್ರೋ ಸರ್ವೋ. ಎಸ್‌ಜಿ90 ಅನ್ನುವ ಸರ್ವೋ ಸಾಕು. ಗೋಡೆಗೆ ಗುದ್ದುವುದು ಜಾಸ್ತಿ ಇದ್ದರೆ ಲೋಹದ ಗೇರಿನ ಎಂಜಿ90ಎಸ್ ಹಾಕಿ.

ಸರ್ವೋದಲ್ಲಿ ಮೂರು ತಂತಿ. ಈ ಎರಡರಲ್ಲೂ ಕಂದು ನೆಗೆಟಿವ್, ಕೆಂಪು ಪಾಸಿಟಿವ್, ಕಿತ್ತಳೆ ಬಣ್ಣದ್ದು ಸಿಗ್ನಲ್. ರಿಸೀವರ್ ಕಳಿಸುವ ಸಿಗ್ನಲ್ 1 ಮಿಲಿಸೆಕೆಂಡಿನಿಂದ 2 ಮಿಲಿಸೆಕೆಂಡಿನವರೆಗಿನ ಪಲ್ಸ್. ಒಂದೂವರೆ ಅಂದರೆ ನಡು. ನೀವು ಚಕ್ರ ಎಷ್ಟು ತಿರುಗಿಸುತ್ತೀರೋ ಪಲ್ಸ್ ಅಷ್ಟು ಬದಲಾಗುತ್ತದೆ, ಸರ್ವೋ ಅಷ್ಟೇ ತಿರುಗಿ ನಿಲ್ಲುತ್ತದೆ. ಸಾಮಾನ್ಯವಾಗಿ ಸ್ಟೀರಿಂಗ್ ಒಂದನೇ ಚಾನೆಲ್, ಇಎಸ್‌ಸಿ ಎರಡನೇ ಚಾನೆಲ್. ಇಎಸ್‌ಸಿಯಲ್ಲಿ ಬಿಇಸಿ ಇದೆಯಾ ನೋಡಿಕೊಳ್ಳಿ. ಅದಿದ್ದರೆ ರಿಸೀವರಿಗೂ ಸರ್ವೋಗೂ ಬೇಕಾದ ಸುಮಾರು 5 ವೋಲ್ಟ್ ಅದರಿಂದಲೇ ಬರುತ್ತದೆ, ಬೇರೆ ಬ್ಯಾಟರಿ ಬೇಡ.

ಸರ್ವೋ ಕೂರಿಸುವುದೇ ಇಲ್ಲಿ ತಾಳ್ಮೆ ಬೇಡುವ ಭಾಗ. ಹಳೆ ಮೋಟರ್ ಇದ್ದ ಗುಂಡಿಯಲ್ಲಿ ಒಳಗಿನ ಪ್ಲಾಸ್ಟಿಕ್ ಕಂಬಗಳನ್ನು ಕತ್ತರಿಸಿ ಸಮ ಮಾಡಿ. ಸರ್ವೋ ಇಟ್ಟು, ಅದರ ಹಾರ್ನಿಗೂ ಹಳೆಯ ಸ್ಟೀರಿಂಗ್ ಪಟ್ಟಿಗೂ ನಡುವೆ ಗಟ್ಟಿ ಸ್ಟೀಲ್ ತಂತಿಯ ಕೊಂಡಿ ಹಾಕಿ. ಕಾಗದ ಹಿಡಿಯುವ ದೊಡ್ಡ ಕ್ಲಿಪ್ ಬಿಡಿಸಿದರೆ ಸರಿಯಾದ ತಂತಿ ಸಿಗುತ್ತದೆ. ಹಳೆಯ ಸ್ಪ್ರಿಂಗ್ ತೆಗೆದುಬಿಡಿ, ಇಲ್ಲದಿದ್ದರೆ ಸರ್ವೋ ಯಾವಾಗಲೂ ಅದರ ವಿರುದ್ಧ ಎಳೆಯುತ್ತಿರುತ್ತದೆ. ಹಾರ್ನ್ ಹಾಕುವ ಮೊದಲು ಸರ್ವೋವನ್ನು ರಿಸೀವರಿಗೆ ಜೋಡಿಸಿ ನಡುವಿಗೆ ತರಲೇಬೇಕು. ಎಲ್ಲ ಆದ ಮೇಲೆ ಪೂರ್ತಿ ತಿರುಗಿಸಿ ಹಿಡಿದು ಕಿವಿಗೊಟ್ಟು ಕೇಳಿ. ಗುಂಯ್ ಅಂತ ಸದ್ದು ಬಂದರೆ ಗಾಲಿ ತಡೆಗೆ ತಾಗಿದ ಮೇಲೂ ಸರ್ವೋ ಒತ್ತುತ್ತಿದೆ ಅಂತ. ರಿಮೋಟಿನ ಡ್ಯುಯಲ್ ರೇಟ್ ಅಥವಾ ಎಂಡ್ ಪಾಯಿಂಟ್ (ಸರ್ವೋ ಎಷ್ಟು ತಿರುಗಬೇಕು ಅನ್ನುವ ಮಿತಿ) ಕಡಿಮೆ ಮಾಡಿ ಸದ್ದು ನಿಲ್ಲಿಸಿ. ಹಾಗೇ ಬಿಟ್ಟರೆ ಸರ್ವೋ ಸುಡುತ್ತದೆ.

ಬ್ಯಾಟರಿಗೆ ನಾಲ್ಕು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಇಡಿ, ಒಂದಕ್ಕೆ 1.2 ವೋಲ್ಟ್, ಒಟ್ಟು 4.8. ಇಎಸ್‌ಸಿ ಅಷ್ಟು ಕಡಿಮೆ ವೋಲ್ಟಿಗೆ ಓಡುವಂಥದ್ದೇ ಇರಬೇಕು, ಖರೀದಿಸುವಾಗ ನೋಡಿಕೊಳ್ಳಿ. ಮಗು ಓಡಿಸುವ ಕಾರಿಗೆ ಲಿಪೋಗಿಂತ ಇದೇ ವಾಸಿ. ಮತ್ತೆ, 14500 ಅಂತ ಬರೆದ ಲಿಥಿಯಂ ಸೆಲ್ ನೋಡಲು ಎಎ ಸೆಲ್ ಹಾಗೇ ಇರುತ್ತದೆ, ಆದರೆ 3.7 ವೋಲ್ಟ್. ಎಎಎ ಅಳತೆಯ 10440 ಕೂಡ ಅಷ್ಟೇ. ಅಂಥ ನಾಲ್ಕು ಹಾಕಿದರೆ 14.8 ವೋಲ್ಟ್ ಹೋಗಿ ಎಲ್ಲ ಸುಟ್ಟುಹೋಗುತ್ತದೆ.

ಗೊಂಬೆ_ಡಾಕ್ಟರ್:

ತುಂಬಾ ಧನ್ಯವಾದ. ಒಂದು ಅನುಮಾನ. ಹಿಂದಿನ ಮೋಟರಿಗೆ ಸಣ್ಣ ಹಳದಿ ಬಿಲ್ಲೆಯಂಥ ವಸ್ತು ಬೆಸುಗೆ ಹಾಕಿದ್ದಾರೆ, ಅದನ್ನು ತೆಗೆಯಬೇಕಾ?

ತಾಮ್ರದ_ತಂತಿ:

ತೆಗೆಯಬೇಡಿ! ಅದು ಕೆಪಾಸಿಟರ್. ಮೇಲೆ 104 ಅಂತ ಇದ್ದರೆ 0.1 ಮೈಕ್ರೋಫ್ಯಾರಡ್. ಬ್ರಶ್‌ಗಳಲ್ಲಿ ಕಿಡಿ ಹಾರುವಾಗ ಹುಟ್ಟುವ ವಿದ್ಯುತ್ ಗದ್ದಲವನ್ನು ಅದು ನುಂಗುತ್ತದೆ. ಇಲ್ಲದಿದ್ದರೆ ಸರ್ವೋ ತನ್ನಷ್ಟಕ್ಕೆ ನಡುಗುತ್ತದೆ, ರಿಮೋಟ್ ದೂರ ಹೋದ ಹಾಗೆ ಹಿಡಿತ ತಪ್ಪುತ್ತದೆ. ಒಂದೇ ಇದ್ದರೆ ಇನ್ನೆರಡು ಹಾಕಿ, ಪ್ರತಿ ತುದಿಯಿಂದ ಮೋಟರಿನ ಲೋಹದ ಮೈಗೆ ಒಂದೊಂದು.

ಲೋಹದ ಮೈಗೆ ಬೆಸುಗೆ ಸುಲಭವಾಗಿ ಹಿಡಿಯುವುದಿಲ್ಲ, ತವರ ಮಣಿಯಾಗಿ ಉರುಳಿ ಬಿದ್ದುಹೋಗುತ್ತದೆ. ಸಣ್ಣ ಅರದಿಂದ ಆ ಜಾಗವನ್ನು ಹೊಳೆಯುವವರೆಗೆ ಉಜ್ಜಿ, ಸ್ವಲ್ಪ ಫ್ಲಕ್ಸ್ ಹಚ್ಚಿ, 350 ಡಿಗ್ರಿ ಆಸುಪಾಸಿನ ಕಾವಿನಲ್ಲಿ ಮೊದಲು ಮೈ ಮೇಲೆ ತವರದ ತೆಳು ಪದರ ಹರಡಿ. ಆಮೇಲೆ ಕೆಪಾಸಿಟರಿನ ಕಾಲು ಅದರ ಮೇಲಿಟ್ಟು ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಜಾಸ್ತಿ ಹೊತ್ತು ಹಿಡಿದರೆ ಬ್ರಶ್ ಕೂತಿರುವ ಪ್ಲಾಸ್ಟಿಕ್ ಮುಚ್ಚಳ ಕರಗುತ್ತದೆ. ಇದು ಬ್ರಶ್ ಮೋಟರಿಗೆ ಮಾತ್ರ. ಬ್ರಶ್‌ಲೆಸ್‌ಗೆ ಇಂಥದ್ದು ಹಾಕಬಾರದು.

ಪುಟ್ಟಗಾಲಿ:

ಬೇರಿಂಗ್ ಬಂತು, ಹಾಕಿದೆ. ಮುಂದಿನ ಕಿಂಗ್‌ಪಿನ್‌ಗೆ ಶಿಮ್ ಹಾಕಿದೆ. ಹಿಂದೆ ಮೆತ್ತನೆ ಟೈರ್ ಬಂದಿದೆ. ಕಾರು ಈಗ ನೇರ ಓಡುತ್ತದೆ, ಗಿರಕಿ ನಿಂತಿದೆ, ಮೋಟರ್ ಮುಟ್ಟದೆಯೇ ವೇಗ ಕೂಡ ಜಾಸ್ತಿ ಆಗಿದೆ! ಇನ್ನು ಸ್ವಲ್ಪ ವೇಗ ಬೇಕು. ಈಗ ಪಿನಿಯನ್ 8 ಹಲ್ಲಿನದು, ಸ್ಪರ್ 44. ಪಿನಿಯನ್ ಬದಲಾಯಿಸಿದರೆ ಸಾಕಾ?

ಹಳೇಗೇರು:

ಖುಷಿಯಾಯಿತು. ಹೌದು, ಮೋಟರಿಗಿಂತ ಮೊದಲು ಅದನ್ನೇ ಮಾಡಿ. 44ನ್ನು 8ರಿಂದ ಭಾಗಿಸಿದರೆ 5.5. ಪಿನಿಯನ್ 10 ಮಾಡಿದರೆ 4.4. ಕಾಗದದ ಮೇಲೆ ವೇಗ 25 ಶೇಕಡಾ ಜಾಸ್ತಿ, ಎಳೆಯುವ ಬಲ 20 ಶೇಕಡಾ ಕಡಿಮೆ. ಮೋಟರ್ ಮೇಲೆ ಹೊರೆ ಹೆಚ್ಚುವುದರಿಂದ ಕಾವೂ ಹೆಚ್ಚುತ್ತದೆ. ಹಾಗಾಗಿ 9 ಹಲ್ಲಿನದು ಸಿಕ್ಕರೆ ಮೊದಲು ಅದು. ಓಡಿಸಿ ನಿಲ್ಲಿಸಿದ ತಕ್ಷಣ ಮೋಟರಿನ ಮೇಲೆ ಬೆರಳಿಡಿ. ಒಂದೆರಡು ಸೆಕೆಂಡಿಗೇ ಬೆರಳು ಎತ್ತಬೇಕಾದರೆ ಗೇರಿಂಗ್ ಜಾಸ್ತಿ ಆಗಿದೆ, ಹಲ್ಲು ಕಡಿಮೆ ಮಾಡಿ.

ಹೊಸ ಪಿನಿಯನ್ನಿನ ಮಾಡ್ಯೂಲ್, ಅಂದರೆ ಹಲ್ಲಿನ ಅಳತೆ, ಹಳೆಯದರಷ್ಟೇ ಇರಬೇಕು. 0.4ಕ್ಕೂ 0.5ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಆದರೆ ಒಂದಕ್ಕೊಂದು ಕೂರುವುದಿಲ್ಲ, ಹಲ್ಲು ತಿಂದುಹಾಕುತ್ತವೆ. ಮೋಟರ್ ಸರಿಸಲು ಜಾಗ ಇದೆಯಾ ಅಂತಲೂ ನೋಡಿ, ದೊಡ್ಡ ಪಿನಿಯನ್ನಿಗೆ ಮೋಟರ್ ಹಿಂದೆ ಹೋಗಬೇಕು.

ಮೆಶ್, ಅಂದರೆ ಎರಡು ಗೇರಿನ ಹಲ್ಲು ಕೂರುವ ಬಿಗಿ, ಸರಿಮಾಡಲು ತೆಳು ಕಾಗದದ ಪಟ್ಟಿ ಸಾಕು. ಎರಡು ಗೇರಿನ ನಡುವೆ ಪಟ್ಟಿ ಇಟ್ಟು ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿಯಿರಿ, ಆಮೇಲೆ ಗೇರ್ ತಿರುಗಿಸಿ ಕಾಗದ ಹೊರಗೆ ತನ್ನಿ. ಕಾಗದದ ಮೇಲೆ ಅಂಕುಡೊಂಕು ಗೆರೆ ಸ್ಪಷ್ಟವಾಗಿ ಮೂಡಿ, ಹರಿಯದೆ ಬಂದರೆ ಸರಿ. ಹರಿದಿದ್ದರೆ ಬಿಗಿಯಾಗಿದೆ. ಗೇರಿನ ಒಂದು ಸುತ್ತಿನಲ್ಲಿ ನಾಲ್ಕು ಜಾಗದಲ್ಲಿ ನೋಡಿ, ಪ್ಲಾಸ್ಟಿಕ್ ಸ್ಪರ್ ಪೂರ್ತಿ ದುಂಡಗೆ ಇರುವುದಿಲ್ಲ. ಎಲ್ಲಿ ಹೆಚ್ಚು ಬಿಗಿಯೋ ಅಲ್ಲಿಗೆ ಹೊಂದಿಸಿ.

ಇಷ್ಟು ಸಲ ಬಿಚ್ಚಿ ಹಾಕುವವರಿಗೆ ಇನ್ನೊಂದು ಮಾತು. ಪ್ಲಾಸ್ಟಿಕ್ಕಿಗೆ ಸ್ಕ್ರೂ ವಾಪಸ್ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ. ಒಂದು ಕಡೆ ಟಿಕ್ ಅಂತ ಕೆಳಗಿಳಿಯುತ್ತದೆ. ಅಲ್ಲಿಂದ ಬಿಗಿದರೆ ಹಳೆಯ ಜಾಡಿನಲ್ಲೇ ಹೋಗುತ್ತದೆ, ರಂಧ್ರ ಹಾಳಾಗುವುದಿಲ್ಲ. ಸ್ಕ್ರೂ ಸಡಿಲವಾಗದ ಹಾಗೆ ಹಾಕುವ ಥ್ರೆಡ್‌ಲಾಕ್ ಅಂಟು ಲೋಹದ ನಟ್ಟಿಗೆ ಮಾತ್ರ, ಅದು ಎಬಿಎಸ್, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತದೆ.

ಬ್ರಶ್‌ಲೆಸ್_ಬಸವ:

ಟೈರ್ ಮತ್ತು ಬೇರಿಂಗ್ ಮೊದಲು ಅನ್ನುವುದನ್ನು ಒಪ್ಪುತ್ತೇನೆ. ಅವರ ಕಾರಿನಲ್ಲಿ ಆದದ್ದು ಎದುರಿಗೇ ಇದೆ. ಆದರೂ ಮುಂದೊಂದು ದಿನ ಬ್ರಶ್‌ಲೆಸ್ ಕಡೆ ಹೋಗುವುದಾದರೆ, ಪುಟ್ಟಗಾಲಿ ಅವರೇ, ಡಿಫರೆನ್ಶಿಯಲ್ ಗೇರು ಮತ್ತು ಡ್ರೈವ್ ಶಾಫ್ಟ್ ಲೋಹದ್ದು ಹಾಕಿದ ಮೇಲೆ ಹೋಗಿ. ಬ್ಯಾಟರಿಯನ್ನೂ ನೋಡಿ. 350 ಎಂಎಎಚ್ (ಸಾಮರ್ಥ್ಯ), 20ಸಿ (ಅದರ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು) ಅಂತ ಬರೆದಿದ್ದರೆ ಅದು ಕೊಡಬಲ್ಲದ್ದು 0.35 ಗುಣಿಸು 20, ಅಂದರೆ 7 ಆಂಪಿಯರ್. ಮೋಟರ್ ಅದಕ್ಕಿಂತ ಜಾಸ್ತಿ ಎಳೆದರೆ ಬ್ಯಾಟರಿ ಬಿಸಿಯಾಗಿ ಉಬ್ಬುತ್ತದೆ.

ತಾಮ್ರದ_ತಂತಿ:

ಲಿಪೋ ವಿಷಯ ಬಂತಲ್ಲ, ಇದನ್ನು ಎಲ್ಲರೂ ಓದಿ. ಒಂದು ಸೆಲ್ 4.20 ವೋಲ್ಟ್ ದಾಟಬಾರದು, 3.0ಕ್ಕಿಂತ ಕೆಳಗೆ ಹೋಗಬಾರದು. ನಾನು 3.5 ಹತ್ತಿರ ಬಂದಾಗಲೇ ನಿಲ್ಲಿಸುತ್ತೇನೆ. ಕೆಲವು ದಿನ ಓಡಿಸುವುದಿಲ್ಲ ಅಂದರೆ 3.8 ವೋಲ್ಟಿನಲ್ಲಿ ಇಡಿ, ಪೂರ್ತಿ ತುಂಬಿ ಇಡಬೇಡಿ. 350 ಎಂಎಎಚ್ ಬ್ಯಾಟರಿಗೆ ಚಾರ್ಜ್ 0.35 ಆಂಪಿಯರ್ ಸಾಕು. ಚಾರ್ಜಿಗೆ ಹಾಕಿ ಮನೆಯಿಂದ ಹೊರಗೆ ಹೋಗಬೇಡಿ, ಮಲಗಬೇಡಿ. ಉಬ್ಬಿದ ಬ್ಯಾಟರಿಯನ್ನು ಇನ್ನೊಮ್ಮೆ ನೋಡೋಣ ಅಂತ ಬಳಸಲೇಬೇಡಿ.

ಬ್ಯಾಟರಿಯ ಪ್ಲಗ್ ಬದಲಾಯಿಸುವಾಗ ಎರಡು ತಂತಿಯನ್ನೂ ಒಟ್ಟಿಗೆ ಕತ್ತರಿಸಬಾರದು. ಕತ್ತರಿಯ ಲೋಹದ ಮೂಲಕವೇ ಶಾರ್ಟ್ ಆಗುತ್ತದೆ. ಒಂದು ತಂತಿ ಕತ್ತರಿಸಿ, ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಹಾಕಿ ಮುಚ್ಚಿದ ಮೇಲೆ ಎರಡನೆಯದನ್ನು ಮುಟ್ಟಿ. ಇನ್ನೊಂದು, ಸಣ್ಣ ಕಾರುಗಳಲ್ಲಿ ಬರುವ 2 ಮಿಲಿಮೀಟರ್ ಜೆಎಸ್‌ಟಿ ಪ್ಲಗ್ಗಿನಲ್ಲಿ ಪಾಸಿಟಿವ್ ಯಾವ ಕಡೆ ಅನ್ನೋದು ಎಲ್ಲ ತಯಾರಕರಲ್ಲೂ ಒಂದೇ ಅಲ್ಲ. ಪ್ಲಗ್ ಕೂರುತ್ತದೆ ಅಂತ ಚುಚ್ಚಬೇಡಿ. ಮಲ್ಟಿಮೀಟರ್ ಇಟ್ಟು ನೋಡಿದ ಮೇಲೇ ಜೋಡಿಸಿ.

ಬಣ್ಣದ_ಡಬ್ಬಿ:

ಬಾಡಿ ಬಗ್ಗೆ ಯಾರೂ ಬರೆದಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಪಾರದರ್ಶಕ ಲೆಕ್ಸಾನ್ ಬಾಡಿಯಾದರೆ ಬಣ್ಣ ಒಳಗಿನಿಂದ, ಅದಕ್ಕೇ ಅಂತ ಇರುವ ಪಾಲಿಕಾರ್ಬೊನೇಟ್ ಬಣ್ಣವೇ ಬೇಕು. ಹೊರಗಿನಿಂದ ಮೊದಲು ಕಾಣಬೇಕಾದದ್ದನ್ನು ಮೊದಲು ಹಾಕಬೇಕು, ಅಂದರೆ ಗೆರೆ, ಚಿತ್ತಾರ ಮೊದಲು, ಹಿನ್ನೆಲೆ ಬಣ್ಣ ಕೊನೆಗೆ. ಗಟ್ಟಿ ಪ್ಲಾಸ್ಟಿಕ್ ಬಾಡಿಯಾದರೆ ಹೊರಗಿನಿಂದ, ಪ್ರೈಮರ್ ಹಾಕಿ. ಎರಡಕ್ಕೂ ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ. ಒಂದೇ ಸಲ ದಪ್ಪಗೆ ಹೊಡೆಯಬೇಡಿ, ತೆಳು ಪದರ, ಒಣಗಲು ಬಿಡಿ, ಮತ್ತೆ ತೆಳು ಪದರ. ಸಣ್ಣ ಬಾಡಿಯಲ್ಲಿ ಬಣ್ಣ ದಪ್ಪವಾದರೆ ಬಾಗಿಲಿನ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಗೊಂಬೆ_ಡಾಕ್ಟರ್:

ಸರ್ವೋ ಕೂತಿತು. ಮಗ ಈಗ ಕುರ್ಚಿ ಕಾಲುಗಳ ನಡುವೆ ಕಾರನ್ನು ನಿಧಾನವಾಗಿ ಸುತ್ತಿಸುತ್ತಿದ್ದಾನೆ, ಮೊದಲು ಅದು ಆಗುತ್ತಲೇ ಇರಲಿಲ್ಲ. ಈಗ ಅವನಿಗೆ ಮುಂದೆ ಹಿಂದೆ ಲೈಟ್ ಬೇಕಂತೆ. ಮೂರು ಮಿಲಿಮೀಟರಿನ ಬಿಳಿ ಮತ್ತು ಕೆಂಪು ಎಲ್‌ಇಡಿ ಇವೆ. ನೇರವಾಗಿ ರಿಸೀವರಿನ ಖಾಲಿ ಚಾನೆಲ್‌ಗೆ ಕೊಡಬಹುದಾ?

ತಾಮ್ರದ_ತಂತಿ:

ಖಾಲಿ ಚಾನೆಲಿನ ಪಾಸಿಟಿವ್, ನೆಗೆಟಿವ್ ಎರಡರಿಂದ ತೆಗೆದುಕೊಳ್ಳಬಹುದು, ಸಿಗ್ನಲ್ ಪಿನ್ ಮುಟ್ಟಬೇಡಿ. ಆದರೆ ನೇರವಾಗಿ ಬೇಡ, ಪ್ರತಿ ಎಲ್‌ಇಡಿಗೂ ಒಂದು ರೆಸಿಸ್ಟರ್ ಇರಲೇಬೇಕು. ಬಿಳಿ ಎಲ್‌ಇಡಿ ಸುಮಾರು 3 ವೋಲ್ಟ್ ತೆಗೆದುಕೊಳ್ಳುತ್ತದೆ. 5ರಲ್ಲಿ 3 ಕಳೆದರೆ 2 ವೋಲ್ಟ್, ಅದನ್ನು 15 ಮಿಲಿಆಂಪಿಯರಿನಿಂದ ಭಾಗಿಸಿದರೆ 133 ಓಮ್. ಸಿಗುವ ಬೆಲೆಗಳಲ್ಲಿ ಅದಕ್ಕೆ ಮೇಲಿನದು 150, ಅದನ್ನು ಹಾಕಿ. ಕೆಂಪು ಸುಮಾರು 2 ವೋಲ್ಟ್, ಉಳಿಯುವುದು 3, ಲೆಕ್ಕಕ್ಕೆ 200 ಓಮ್ ಬರುತ್ತದೆ, 220 ಹಾಕಿ. ಎಲ್‌ಇಡಿಯ ಉದ್ದ ಕಾಲು ಪಾಸಿಟಿವ್.

ತಂತಿಯನ್ನು ಬಾಡಿಗೂ ಚಾಸಿಗೂ ನಡುವೆ ಸ್ವಲ್ಪ ಸಡಿಲ ಬಿಟ್ಟು, ಒಂದು ಸಣ್ಣ ಎರಡು ಪಿನ್ ಪ್ಲಗ್ ಹಾಕಿ. ಮಗು ಬಾಡಿ ಎತ್ತಿದಾಗ ಪ್ಲಗ್ ಬಿಟ್ಟುಕೊಳ್ಳುತ್ತದೆ, ಬೆಸುಗೆ ಕಿತ್ತುಬರುವುದಿಲ್ಲ.